ಮನಾಲಿಗೆ ಎಷ್ಟು ರಾತ್ರಿ? ಎರಡು ಸಲ ಹೋಗಿ ಬಂದ ಮೇಲೆ ನನ್ನ ಲೆಕ್ಕ

ರಜೆ ಹತ್ತಿರ ಬಂತೆಂದರೆ ನಮ್ಮ ಬ್ಯಾಂಕಿನಲ್ಲಿ, ನಮ್ಮ ಓಣಿಯಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಮೇಡಂ, ಮನಾಲಿಗೆ ಎಷ್ಟು ದಿನ ಇಟ್ಕೊಂಡ್ರೆ ಸಾಕು?" ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮನಾಲಿ ಊರಿನಲ್ಲೇ ಐದು ರಾತ್ರಿ ಇರಿ. ಜೊತೆಯಲ್ಲಿ ಹಿರಿಯರಿದ್ದರೆ ಆರು. ಹೋಗುವ, ಬರುವ ದಿನಗಳು ಇದರಲ್ಲಿ ಸೇರಿಲ್ಲ, ಅವು ಬೇರೆ. ರಜೆ ಅಷ್ಟು ಸಿಗುವುದಿಲ್ಲ ಎಂದಾದರೆ ಮನಾಲಿಯ ಜೊತೆ ಸೇರಿಸುವ ಶಿಮ್ಲಾವನ್ನು ಬಿಡಿ, ಮನಾಲಿಯ ರಾತ್ರಿಗಳನ್ನು ಮಾತ್ರ ಕಡಿಮೆ ಮಾಡಬೇಡಿ.

ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ನಾವು ಎರಡು ಸಲ ಹೋಗಿದ್ದೇವೆ. ಒಮ್ಮೆ ಮೇ ತಿಂಗಳಲ್ಲಿ ಮೂರು ರಾತ್ರಿಗೆ, ಇನ್ನೊಮ್ಮೆ ದಸರಾ ರಜೆಯಲ್ಲಿ ಆರು ರಾತ್ರಿಗೆ. ಹೋದ ಊರು ಅದೇ, ಹೋದವರೂ ನಾವೇ. ಆದರೂ ಮೊದಲ ಸಲ ಮನಾಲಿಯನ್ನು ನೋಡಿದೆವು ಎಂದು ಹೇಳಿಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ.

ಆ ಮೊದಲ ಪ್ರವಾಸ ಒಂದು ಪ್ಯಾಕೇಜ್. ಶಿಮ್ಲಾ ಮತ್ತು ಮನಾಲಿ ಸೇರಿ ಆರು ರಾತ್ರಿ ಏಳು ದಿನ, ಅದರಲ್ಲಿ ಮನಾಲಿಗೆ ಮೂರು ರಾತ್ರಿ. ಕಾಗದದ ಮೇಲೆ ನೋಡಿದರೆ ಮೂರು ರಾತ್ರಿ ಎಂದರೆ ನಾಲ್ಕು ದಿನ ಎನಿಸುತ್ತದೆ. ನಿಜವಾಗಿ ಆದದ್ದು ಹೀಗೆ: ಶಿಮ್ಲಾದಿಂದ ಮನಾಲಿ ಸುಮಾರು 250 ಕಿಲೋಮೀಟರ್, ಬೆಟ್ಟದ ದಾರಿ. ಬೆಳಿಗ್ಗೆ ಹೊರಟವರು ಹೋಟೆಲ್ ಸೇರುವ ಹೊತ್ತಿಗೆ ರಾತ್ರಿ ಒಂಬತ್ತು. ಅಲ್ಲಿಗೆ ಮೊದಲ ದಿನ ಹೋಯಿತು. ಮರುದಿನ ರೋಹ್ತಾಂಗ್ ಪಾಸ್‌ಗೆ, ಅಂದರೆ ಮನಾಲಿಯ ಮೇಲಿನ ಎತ್ತರದ ಬೆಟ್ಟದ ದಾರಿಗೆ, ಹೋಗುವುದೆಂದು ಬರೆದಿತ್ತು. ಬೆಳಿಗ್ಗೆ ಆರಕ್ಕೆ ಮಕ್ಕಳಿಗೆಲ್ಲ ಸ್ವೆಟರ್ ಹಾಕಿಸಿ ಕೆಳಗೆ ಬಂದರೆ ಡ್ರೈವರ್ ಕೈಯಾಡಿಸಿಬಿಟ್ಟ: "ಆಜ್ ಮಂಗಲ್‌ವಾರ್ ಹೈ, ಬಂದ್." ರೋಹ್ತಾಂಗ್ ರಸ್ತೆ ದುರಸ್ತಿ, ನಿರ್ವಹಣೆಗೆಂದು ಮಂಗಳವಾರ ಪ್ರವಾಸಿ ವಾಹನಗಳಿಗೆ ಮುಚ್ಚಿರುತ್ತದೆ. ನಮಗೆ ಟಿಕೆಟ್ ಮಾಡಿಕೊಟ್ಟವರು ಆ ಮಾತನ್ನೇ ಎತ್ತಿರಲಿಲ್ಲ. ನಾವೂ ಕೇಳಿರಲಿಲ್ಲ, ಕೇಳಬೇಕೆಂದು ಗೊತ್ತೇ ಇರಲಿಲ್ಲ. ಬುಧವಾರ ಹೋಗೋಣವೆಂದರೆ ಅಲ್ಲಿಗೆ ಗಾಡಿ ಒಯ್ಯಲು ಬೇಕಾದ ಪರ್ಮಿಟ್ ಖಾಲಿ. ಸರಿ, ಬುಧವಾರ ಸೋಲಾಂಗ್ ಕಣಿವೆಗಾದರೂ ಹೋಗೋಣವೆಂದು ಹತ್ತು ಗಂಟೆಗೆ ಹೊರಟೆವು. ಹದಿಮೂರು ಕಿಲೋಮೀಟರ್ ದಾರಿಗೆ ಎರಡೂವರೆ ಗಂಟೆ ಹಿಡಿಯಿತು. ಮಗಳು ಪ್ಯಾರಾಗ್ಲೈಡಿಂಗ್ ಮಾಡಬೇಕೆಂದು ವರ್ಷದಿಂದ ಕಾದಿದ್ದಳು. ಬೆಲ್ಟ್ ಕಟ್ಟಿಸಿಕೊಂಡು ಇಳಿಜಾರಿನ ಮೇಲೆ ಮುಕ್ಕಾಲು ಗಂಟೆ ಕುಳಿತಳು. ಗಾಳಿ ಜೋರಾಯಿತು, ಪೈಲಟ್‌ಗಳು ಒಬ್ಬೊಬ್ಬರಾಗಿ ರೆಕ್ಕೆ ಮಡಚಿ ಚೀಲಕ್ಕೆ ತುಂಬಿದರು. ದುಡ್ಡು ವಾಪಸ್ ಬಂತು. ಮರುದಿನ ಬೆಳಿಗ್ಗೆ ನಮ್ಮ ಗಾಡಿ ಚಂಡೀಗಢಕ್ಕೆ ಹೊರಟಿತು. ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡು ದಾರಿಯ ಮಂಡಿ ಪಟ್ಟಣ ಬರುವವರೆಗೂ ಮಾತಾಡಲಿಲ್ಲ.

ಮೂರು ರಾತ್ರಿ ಎಂದರೆ ಕೈಗೆ ಸಿಗುವುದು ಎರಡೇ ದಿನ. ಆ ಎರಡರಲ್ಲಿ ಒಂದನ್ನು ರಸ್ತೆಯೋ ಮಳೆಯೋ ಗಾಳಿಯೋ ತೆಗೆದುಕೊಂಡರೆ ಉಳಿಯುವುದು ಒಂದು. ಮನಾಲಿಗೆ ದಿನ ಇಟ್ಟುಕೊಳ್ಳುವಾಗ ನೋಡಬೇಕಾದ ಜಾಗಗಳನ್ನು ಎಣಿಸಿ ಭಾಗಿಸುವ ಲೆಕ್ಕ ನಡೆಯುವುದಿಲ್ಲ. ಒಂದು ದಿನ ಕೈಬಿಟ್ಟುಹೋಗುತ್ತದೆ ಎಂದೇ ಹಿಡಿದು, ಆ ಒಂದು ದಿನವನ್ನು ಮೊದಲೇ ಸೇರಿಸಿಕೊಳ್ಳಬೇಕು. ನಾನು ಹೇಳಬೇಕಾದದ್ದರಲ್ಲಿ ಮುಖ್ಯವಾದದ್ದು ಇಷ್ಟೇ. ಉಳಿದದ್ದು ಅದರ ವಿವರ.

ಮೊದಲು ತಲುಪುವ ಮಾತು. ನಾವು ಚಿತ್ರದುರ್ಗದವರು. ಬೆಂಗಳೂರಿಗೆ ಬಂದು, ಅಲ್ಲಿಂದ ದೆಹಲಿಗೆ ವಿಮಾನ, ದೆಹಲಿಯಿಂದ ರಾತ್ರಿ ವೋಲ್ವೋ. ದೆಹಲಿ-ಮನಾಲಿ ಸುಮಾರು 540 ಕಿಲೋಮೀಟರ್, ಹನ್ನೆರಡರಿಂದ ಹದಿನಾಲ್ಕು ಗಂಟೆ. ಕಾಶ್ಮೀರಿ ಗೇಟ್ ಬಸ್ ನಿಲ್ದಾಣದಿಂದ ಹಿಮಾಚಲದ ಸರ್ಕಾರಿ ವೋಲ್ವೋಗಳೂ ಹೊರಡುತ್ತವೆ, ನಾವು ಎರಡನೆಯ ಸಲ ಅದರಲ್ಲೇ ಹೋದೆವು. ಬೆಂಗಳೂರಿನಿಂದ ಚಂಡೀಗಢಕ್ಕೆ ನೇರ ವಿಮಾನ ಸಿಕ್ಕರೆ ಇನ್ನೂ ಒಳ್ಳೆಯದು, ಅಲ್ಲಿಂದ ಮನಾಲಿಗೆ 300 ಕಿಲೋಮೀಟರ್ ಆಸುಪಾಸು. ಕೀರತ್‌ಪುರದಿಂದ ಮೇಲಕ್ಕೆ ನಾಲ್ಕು ಪಥದ ರಸ್ತೆ, ಸುರಂಗಗಳು ಬಂದ ಮೇಲೆ ಈ ದಾರಿ ಮೊದಲಿಗಿಂತ ಎಷ್ಟೋ ಹಗುರ. ಆದರೂ ಮಂಡಿ ದಾಟಿದ ಮೇಲೆ ತಿರುವುಗಳು ತಪ್ಪುವುದಿಲ್ಲ, ವಾಂತಿ ಬರುವವರು ಮಾತ್ರೆ ನುಂಗಿಯೇ ಹತ್ತಿ. ಮನಾಲಿಗೆ 50 ಕಿಲೋಮೀಟರ್ ಹತ್ತಿರದಲ್ಲಿ ಭುಂತರ್ ವಿಮಾನ ನಿಲ್ದಾಣವೂ ಇದೆ. ಆದರೆ ಅದು ಬೆಟ್ಟಗಳ ನಡುವಿನ ಚಿಕ್ಕ ರನ್‌ವೇ, ಸಣ್ಣ ವಿಮಾನಗಳು ಮಾತ್ರ ಇಳಿಯುತ್ತವೆ, ಮೋಡ ಕವಿದರೆ ಹಾರಾಟವೇ ಇಲ್ಲ. ಅದನ್ನೊಂದೇ ನಂಬಿ ವಾಪಸ್ ಬರುವ ಬೆಂಗಳೂರು ಟಿಕೆಟ್ ಜೋಡಿಸಬೇಡಿ.

ಮನೆಯಿಂದ ಮನೆಗೆ ಒಟ್ಟು ಒಂಬತ್ತರಿಂದ ಹತ್ತು ದಿನ ಎಂದು ಇಟ್ಟುಕೊಳ್ಳಿ.

ಈಗ ಮನಾಲಿಯೊಳಗಿನ ದಿನಗಳು. ಬಸ್ಸಿನಿಂದ ಬೆಳಿಗ್ಗೆ ಇಳಿದ ದಿನವನ್ನು ದಿನವೆಂದು ಎಣಿಸಬೇಡಿ. ನಿದ್ದೆ ಅರ್ಧ ಆಗಿರುತ್ತದೆ, ರೂಮ್ ಸಿಗುವುದು ಮಧ್ಯಾಹ್ನಕ್ಕೆ. ಇನ್ನೊಂದು ಮಾತು ಬಹಳ ಜನ ಗಮನಿಸುವುದಿಲ್ಲ. ಮನಾಲಿ ಊರೇ 2,050 ಮೀಟರ್ ಎತ್ತರದಲ್ಲಿದೆ. ನಮ್ಮ ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಮಾಲ್ ರೋಡಿನಲ್ಲಿ ಚಹಾ ಕುಡಿಯುತ್ತ ನಿಂತವರು ಆಗಲೇ ಮುಳ್ಳಯ್ಯನಗಿರಿಯ ತುದಿಗಿಂತ ಮೇಲಿರುತ್ತಾರೆ. ಈ ಎತ್ತರ ಸಾಮಾನ್ಯವಾಗಿ ಕಾಯಿಲೆ ತರುವಂಥದ್ದಲ್ಲ. ಆದರೆ ರೋಹ್ತಾಂಗ್ ಇರುವುದು 3,978 ಮೀಟರ್‌ನಲ್ಲಿ, ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಸುಮಾರು ಶೇ 60ರಷ್ಟು. ಇಳಿದ ಮರುದಿನವೇ ಅಲ್ಲಿಗೆ ಓಡುವುದಕ್ಕಿಂತ ಎರಡು ಮೂರು ರಾತ್ರಿ ಮನಾಲಿಯಲ್ಲಿ ಮಲಗಿ ಹತ್ತಿದರೆ ದೇಹ ಒಪ್ಪಿಕೊಳ್ಳುತ್ತದೆ. ಬಹಳಷ್ಟು ಪ್ಯಾಕೇಜ್‌ಗಳು ರೋಹ್ತಾಂಗನ್ನು ಎರಡನೆಯ ದಿನಕ್ಕೇ ಹಾಕಿರುತ್ತವೆ. ಅದನ್ನು ಹಟ ಹಿಡಿದು ಕೊನೆಯ ಕಡೆಗೆ ಹಾಕಿಸಿ.

ಎರಡನೆಯ ಸಲ ನಾವು ಮೊದಲ ದಿನ ಮಾಡಿದ್ದು ಎರಡೇ ಕೆಲಸ: ಮಧ್ಯಾಹ್ನದವರೆಗೆ ನಿದ್ದೆ, ಸಂಜೆ ಡುಂಗ್ರಿಯ ದೇವದಾರು ಕಾಡಿನಲ್ಲಿರುವ ಹಡಿಂಬಾ ದೇವಸ್ಥಾನ. 1553ರಲ್ಲಿ ರಾಜಾ ಬಹಾದೂರ್ ಸಿಂಗ್ ಕಟ್ಟಿಸಿದ್ದು. ಮರದ ಮೂರು ಅಂತಸ್ತಿನ ಚಾವಣಿ, ಅದರ ಮೇಲೆ ಲೋಹದ ಶಿಖರ. ಬಾಗಿಲು ಎಷ್ಟು ಕುಳ್ಳು ಎಂದರೆ ನಮ್ಮ ಮನೆಯವರು ಸೊಂಟ ಬಗ್ಗಿಸಿ ಒಳಗೆ ಹೋಗಬೇಕಾಯಿತು. ಒಳಗೆ ದೊಡ್ಡ ವಿಗ್ರಹವೇನೂ ಇಲ್ಲ, ನೆಲದಿಂದ ಎದ್ದ ಒಂದು ಹೆಬ್ಬಂಡೆ, ಅದರ ಕೆಳಗೆ ದೇವಿಯ ಪಾದ. ಹೊರಗೋಡೆಗೆ ಕಾಡುಮೇಕೆಯ ಕೊಂಬುಗಳನ್ನು ಮೊಳೆ ಹೊಡೆದು ಸಾಲಾಗಿ ಏರಿಸಿದ್ದಾರೆ.

ನಮ್ಮತ್ತೆ ಬಂಡೆಯ ಮುಂದೆ ತುಂಬ ಹೊತ್ತು ಕೈ ಮುಗಿದು ನಿಂತರು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತ, "ಅಲ್ಲಮ್ಮ, ನಮ್ಮ ಕೋಟೇಲಿ ಹಿಡಿಂಬೇಶ್ವರ, ಇಲ್ಲಿ ಹಿಡಿಂಬಿ. ಅಣ್ಣ ಅಲ್ಲಿ, ತಂಗಿ ಇಲ್ಲಿ" ಎಂದರು. ಚಿತ್ರದುರ್ಗದ ಕೋಟೆಯಲ್ಲಿ ಹಿಡಿಂಬೇಶ್ವರನ ಗುಡಿ ಇದೆ, ಹಿಡಿಂಬಾಸುರನ ಹಲ್ಲು ಎಂದು ತೋರಿಸುವ ದೊಡ್ಡ ಮೂಳೆಯೊಂದೂ ಅಲ್ಲಿದೆ. ಭೀಮ ಹಿಡಿಂಬನನ್ನು ಕೊಂದು ಹಿಡಿಂಬಿಯನ್ನು ಮದುವೆಯಾದ ಕಥೆ ನಾವು ಹುಟ್ಟಿದಂದಿನಿಂದ ಕೇಳಿದ್ದು. ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರ ಬಂದು ಆ ಕಥೆಯ ಇನ್ನೊಂದು ತುದಿ ಕಣ್ಣೆದುರು ಸಿಕ್ಕಿದ್ದು ನಮ್ಮತ್ತೆಗೆ ಇಡೀ ಪ್ರವಾಸದ ಫಲವಾಗಿತ್ತು. ಮೊದಲ ಸಲ ಇದೇ ಗುಡಿಯನ್ನು ನಾವು ಇಪ್ಪತ್ತು ನಿಮಿಷದಲ್ಲಿ, ಜನಜಂಗುಳಿಯ ನಡುವೆ, ಯಾಕ್ ಮೇಲೆ ಕೂರಿಸಿ ಫೋಟೋ ತೆಗೆಯುವವರ ಕೂಗಿನಲ್ಲಿ ಮುಗಿಸಿ ಬಂದಿದ್ದೆವು. ಸಂಜೆ ಐದರ ಮೇಲೆ ಹೋಗಿ. ಪಕ್ಕದಲ್ಲೇ ಘಟೋತ್ಕಚನ ಮರವಿದೆ, ಅಲ್ಲಿಗೂ ನಡೆದುಬನ್ನಿ.

ಎರಡನೆಯ ದಿನ ಸೋಲಾಂಗ್. ಈ ಸಲ ಬೆಳಿಗ್ಗೆ ಎಂಟಕ್ಕೆ ಅಲ್ಲಿದ್ದೆವು. ಆದರೂ ಹಾರಲಿಲ್ಲ, ಮೋಡ ಇಳಿದು ಬೆಟ್ಟದ ನೆತ್ತಿಯೇ ಕಾಣುತ್ತಿರಲಿಲ್ಲ. ಮೂರನೆಯ ದಿನ ಇಡೀ ದಿನ ಮಳೆ. ಅಕ್ಟೋಬರ್‌ನಲ್ಲಿ ಸಾಮಾನ್ಯವಾಗಿ ಆಕಾಶ ತಿಳಿಯಾಗಿರುತ್ತದೆ ಎಂದು ಎಲ್ಲರೂ ಹೇಳಿದ್ದರು, ನಮಗೆ ಬಿದ್ದದ್ದು ಮಳೆ. ಅತ್ತೆ ರಜಾಯಿ ಹೊದ್ದು ಮಲಗಿದರು, ನಾವು ಕೊಡೆ ಹಿಡಿದು ಹಳೇ ಮನಾಲಿಯ ಓಣಿಗಳಲ್ಲಿ ನಡೆದು ಮನು ದೇವಸ್ಥಾನದವರೆಗೆ ಹೋಗಿಬಂದೆವು. ಮೂರು ರಾತ್ರಿಯ ಪ್ರವಾಸವಾಗಿದ್ದರೆ ಅಂದಿಗೆ ಎಲ್ಲ ಮುಗಿದಿರುತ್ತಿತ್ತು. ಸಂಜೆ ಮೋಡ ಹರಿದಾಗ ಎದುರಿನ ಬೆಟ್ಟಗಳ ಮೇಲೆ ಹೊಸ ಹಿಮ ಬಿದ್ದಿತ್ತು. ಮಗ ಹೋಟೆಲಿನ ತಾರಸಿಯಿಂದ ಕೂಗಿದ ಕೂಗಿಗೆ ಪಕ್ಕದ ರೂಮಿನ ಗುಜರಾತಿ ಕುಟುಂಬವೂ ಓಡಿ ಹೊರಗೆ ಬಂತು.

ನಾಲ್ಕನೆಯ ದಿನ ಏಳೂವರೆಗೆ ಮತ್ತೆ ಸೋಲಾಂಗ್. ಪ್ಯಾರಾಗ್ಲೈಡಿಂಗ್‌ಗೆ ಬೆಳಿಗ್ಗೆಯೇ ಏಕೆ ಎಂಬುದನ್ನು ಮಗಳನ್ನು ಹಾರಿಸಿದ ಪೈಲಟ್ ನನಗೆ ಬಿಡಿಸಿ ಹೇಳಿದ. ಬಿಸಿಲೇರಿದಂತೆ ಇಳಿಜಾರು ಕಾಯುತ್ತದೆ, ಕಾದ ಗಾಳಿ ಮೇಲೇಳುತ್ತದೆ, ಆ ಜಾಗ ತುಂಬಲು ಕಣಿವೆಯ ಕೆಳಗಿನಿಂದ ಗಾಳಿ ನುಗ್ಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ಜೋರಾಗಿ, ಅಡ್ಡಾದಿಡ್ಡಿಯಾಗಿ ಬೀಸುತ್ತದೆ. ಒಂದು ಕೋಲಿಗೆ ಕೆಂಪು ಬಟ್ಟೆಯ ಚೂರು ಕಟ್ಟಿ ನೆಟ್ಟಿದ್ದ. ಬಟ್ಟೆ ತಮ್ಮ ಕಡೆಗೆ ನೇರವಾಗಿ, ಹದವಾಗಿ ಹಾರಬೇಕು, ಪಟಪಟ ಹೊಡೆದುಕೊಳ್ಳಬಾರದು. ಅದನ್ನೇ ದಿಟ್ಟಿಸುತ್ತ ಅವನು ಹತ್ತು ನಿಮಿಷ ನಿಂತ. ಆಮೇಲೆ ಮಗಳಿಗೆ, "ದೌಡ್ನಾ, ಬೈಠ್ನಾ ನಹೀ" (ಓಡಬೇಕು, ಕೂರಬಾರದು) ಎಂದ. ಐದಾರು ಹೆಜ್ಜೆ ಓಡಿದಳು, ಏಳನೆಯ ಹೆಜ್ಜೆಗೆ ಕಾಲ ಕೆಳಗೆ ನೆಲ ಇರಲಿಲ್ಲ. ಕೆಳಗಿಳಿದು ಬಂದವಳ ಮೂಗು, ಕೆನ್ನೆ ಚಳಿಗೆ ಕೆಂಪಾಗಿತ್ತು, ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ಒಂದು ವಿಷಯವನ್ನು ಕೇಳಿಕೊಂಡೇ ದುಡ್ಡು ಕೊಡಿ. ಇಳಿಜಾರಿನಿಂದ ಹಾರುವ ಚಿಕ್ಕ ಹಾರಾಟ ಕೆಲವೇ ನಿಮಿಷದ್ದು. ಎತ್ತರದಿಂದ ಹಾರುವುದು ಬೇರೆ, ಅದರ ದರವೂ ಬೇರೆ, ಸಮಯವೂ ಬೇರೆ. ಪೈಲಟ್‌ಗೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯೇ ಎಂದು ಕೇಳಿ, ಕಾರ್ಡ್ ತೋರಿಸಲು ಹೇಳಿ. ಹೆಲ್ಮೆಟ್ ಇಲ್ಲದೆ ಹತ್ತಬೇಡಿ. ಗಾಳಿ ಸರಿಯಿಲ್ಲ ಎಂದು ಪೈಲಟ್ ಹೇಳಿದರೆ ವಾದ ಮಾಡಬೇಡಿ. ಅದೇ ದಿನ ಮುಗಿಸಲೇಬೇಕೆಂಬ ಗಡಿಬಿಡಿ ಇದ್ದವರೇ ವಾದ ಮಾಡುವುದನ್ನು ನಾನು ಕಂಡೆ, ಮೊದಲ ಸಲ ನಮ್ಮವರೂ ಸೇರಿ. ಇನ್ನೂ ಎರಡು ಬೆಳಗು ಕೈಯಲ್ಲಿದ್ದರೆ ಆ ಗಡಿಬಿಡಿಯೇ ಇರುವುದಿಲ್ಲ.

ಆ ಮಧ್ಯಾಹ್ನ ವಾಪಸ್ ಬರುವಾಗ ರಸ್ತೆಯಲ್ಲಿ ವಾಹನಗಳೆಲ್ಲ ನಿಂತಿದ್ದವು. ಬೈಯಲು ಯಾರಿಗೂ ಮನಸ್ಸಿರಲಿಲ್ಲ, ಹಡಿಂಬಾ ದೇವಿ ಕುಲ್ಲುವಿಗೆ ಹೊರಟಿದ್ದಳು. ಬಾಗಿದ ಉದ್ದನೆಯ ಕಹಳೆಗಳು, ಡೋಲು, ಬಣ್ಣದ ರೇಷ್ಮೆಯಲ್ಲಿ ಮುಚ್ಚಿದ, ಲೋಹದ ಮುಖಗಳನ್ನು ಕೂರಿಸಿದ ಪಲ್ಲಕ್ಕಿ. ಹೊತ್ತವರ ಹೆಗಲ ಮೇಲೆ ಅದು ತಾನೇ ತಾನಾಗಿ ಕುಣಿಯುವಂತಿತ್ತು. ಇದನ್ನು ದಸರಾ ರಜೆಯಲ್ಲಿ ಹೋಗುವವರಿಗೆಂದೇ ಬರೆಯುತ್ತಿದ್ದೇನೆ. ನಮ್ಮ ಮೈಸೂರಿನಲ್ಲಿ ವಿಜಯದಶಮಿಗೆ ದಸರಾ ಮುಗಿಯುತ್ತದೆ, ಕುಲ್ಲುವಿನಲ್ಲಿ ಅಂದೇ ಶುರು. ಏಳು ದಿನ ನಡೆಯುತ್ತದೆ. ಕಣಿವೆಯ ಊರೂರುಗಳ ದೇವತೆಗಳು ಢಾಲ್‌ಪುರ ಮೈದಾನಕ್ಕೆ ಬಂದು, ರಘುನಾಥನ ರಥದ ಜೊತೆ ಸೇರುತ್ತಾರೆ. ಹಡಿಂಬೆ ಕುಲ್ಲು ರಾಜಮನೆತನಕ್ಕೆ ಅಜ್ಜಿಯ ಸ್ಥಾನದಲ್ಲಿರುವವಳು, ಅವಳು ಬಾರದೆ ಅಲ್ಲಿ ಹಬ್ಬ ಆರಂಭವಾಗುವುದಿಲ್ಲ. ಜಂಬೂ ಸವಾರಿ ನೋಡಿಕೊಂಡು ಹೊರಟರೂ ಕುಲ್ಲು ದಸರಾ ಸಿಗುತ್ತದೆ. ಆದರೆ ಆ ವಾರ ಕುಲ್ಲು-ಮನಾಲಿ ನಡುವಿನ 40 ಕಿಲೋಮೀಟರ್ ರಸ್ತೆಯಲ್ಲಿ ಹೊತ್ತು ಹೇಳಲಾಗದು, ಅದಕ್ಕೂ ಒಂದು ದಿನ ಸೇರಿಸಿಕೊಳ್ಳಿ.

ಐದನೆಯ ದಿನ ರೋಹ್ತಾಂಗ್. ಮಳೆಯ ದಿನ ಮೇಲೆ ಹಿಮ ಬಿದ್ದು ರಸ್ತೆ ಮುಚ್ಚಿತ್ತು, ನಮ್ಮ ದಿನಕ್ಕೆ ತೆರೆಯಿತು. ಪರ್ಮಿಟ್ ಬಗ್ಗೆ ತಿಳಿದಿರಲಿ: ಹಸಿರು ನ್ಯಾಯಮಂಡಳಿಯ ಆದೇಶದಂತೆ ದಿನಕ್ಕೆ 1,200 ಪ್ರವಾಸಿ ವಾಹನಗಳಿಗೆ ಮಾತ್ರ ಅವಕಾಶ, 800 ಪೆಟ್ರೋಲ್, 400 ಡೀಸೆಲ್. ಆನ್‌ಲೈನ್‌ನಲ್ಲಿ ಸಿಗುತ್ತದೆ, ಟ್ಯಾಕ್ಸಿಯವರೂ ಮಾಡಿಸಿಕೊಡುತ್ತಾರೆ. ಮೇ, ಜೂನ್‌ನಲ್ಲಿ ಇದಕ್ಕೆ ನೂಕುನುಗ್ಗಲು, ಅಕ್ಟೋಬರ್‌ನಲ್ಲಿ ನಮ್ಮ ಟ್ಯಾಕ್ಸಿಯವನು ಹಿಂದಿನ ದಿನ ಮಾಡಿಸಿದ. ಅಟಲ್ ಸುರಂಗಕ್ಕೆ ಪರ್ಮಿಟ್ ಬೇಕಿಲ್ಲ. ಬಹಳ ಜನ ಇವೆರಡನ್ನೂ ಒಂದೇ ಎಂದುಕೊಂಡು ಗೊಂದಲ ಮಾಡಿಕೊಳ್ಳುತ್ತಾರೆ. ರೋಹ್ತಾಂಗ್ ಬೆಟ್ಟದ ಮೇಲಿನ ಹಳೆಯ ದಾರಿ. 2020ರ ಅಕ್ಟೋಬರ್ 3ರಂದು ಉದ್ಘಾಟನೆಯಾದ ಅಟಲ್ ಸುರಂಗ ಅದೇ ಪರ್ವತಸಾಲಿನ ಹೊಟ್ಟೆಯೊಳಗೆ 9.02 ಕಿಲೋಮೀಟರ್ ಹೋಗಿ ಲಾಹೌಲ್ ಕಣಿವೆಯಲ್ಲಿ ಬಾಯಿ ಬಿಡುತ್ತದೆ. ಮನಾಲಿಯಿಂದ ಲಾಹೌಲ್‌ನ ಕೇಲಾಂಗ್ ಊರಿಗೆ ಹೋಗುವ ದಾರಿ ಇದರಿಂದ 46 ಕಿಲೋಮೀಟರ್ ಕಡಿಮೆಯಾಯಿತು.

ಇವೆರಡಕ್ಕೆ ಎರಡು ದಿನ ಕೊಡುವ ಅಗತ್ಯವಿಲ್ಲ. ಬೆಳಿಗ್ಗೆ ಬೇಗ ರೋಹ್ತಾಂಗ್ ಹತ್ತಿ, ಆ ಬದಿಗೆ ಗ್ರಾಂಫೂ, ಕೋಕ್ಸರ್ ಕಡೆ ಇಳಿದು, ಚಂದ್ರಾ ನದಿಯ ಪಕ್ಕದಲ್ಲೇ ಸಿಸ್ಸೂಗೆ ಬಂದು ಊಟ ಮಾಡಿ, ಸುರಂಗದಲ್ಲಿ ವಾಪಸ್ ಬನ್ನಿ. ಹೀಗೊಂದು ಸುತ್ತು ಹಾಕುತ್ತೀರಾ ಎಂದು ಟ್ಯಾಕ್ಸಿಯವರನ್ನು ಹಿಂದಿನ ದಿನವೇ ಕೇಳಿ ದರ ಮಾತಾಡಿಕೊಳ್ಳಿ. ಮನಾಲಿ ಕಡೆಯ ಹಸಿರು ದೇವದಾರು, ಆ ಕಡೆ ಒಂದು ಮರವೂ ಇಲ್ಲದ ಕಂದು ಬೆಟ್ಟಗಳು, ಈ ಬದಲಾವಣೆ ಸುರಂಗದಲ್ಲೇ ಹೋಗಿ ಬಂದವರಿಗೆ ದೀಪ ಹಾಕಿದಷ್ಟು ಬೇಗ ಆಗಿಬಿಡುತ್ತದೆ. ಮೇಲಿನ ದಾರಿಯಲ್ಲಿ ಅದು ತಿರುವು ತಿರುವಿಗೂ ಕಾಣುತ್ತ ಹೋಗುತ್ತದೆ. ನಮ್ಮತ್ತೆಗೆ ಮೇಲೆ ಹತ್ತು ನಿಮಿಷ ನಿಂತದ್ದಕ್ಕೇ ತಲೆ ಹಿಡಿದಂತಾಯಿತು. ನಾವು ಫೋಟೋಗೆಂದು ಕಾಯದೆ ಇಳಿದುಬಿಟ್ಟೆವು. ಸುಮಾರು 3,100 ಮೀಟರ್ ಎತ್ತರದ ಸಿಸ್ಸೂಗೆ ಬರುವಷ್ಟರಲ್ಲಿ ಸರಿಹೋಗಿ ರಾಜ್ಮಾ ಅನ್ನ ಕೇಳಿ ಹಾಕಿಸಿಕೊಂಡರು. ತಲೆನೋವು, ವಾಕರಿಕೆ ಬಂದರೆ ಮೊದಲ ಮದ್ದು ಕೆಳಗಿಳಿಯುವುದೇ. ಹೃದಯದ, ಉಸಿರಾಟದ ತೊಂದರೆ ಇದ್ದವರು ಊರು ಬಿಡುವ ಮುಂಚೆಯೇ ವೈದ್ಯರನ್ನು ಕೇಳಿ, ರೋಹ್ತಾಂಗ್ ಬೇಡವೆಂದರೆ ಸುರಂಗದ ದಾರಿಯಲ್ಲಿ ಸಿಸ್ಸೂವರೆಗೆ ಹೋಗಿಬನ್ನಿ.

ಆರನೆಯ ದಿನ ಯಾವ ಯೋಜನೆಯೂ ಇರಲಿಲ್ಲ. ವಶಿಷ್ಠ ಗ್ರಾಮದ ಬಿಸಿನೀರಿನ ಕುಂಡದಲ್ಲಿ ಅತ್ತೆ ಮತ್ತು ನಾನು ಸ್ನಾನ ಮಾಡಿದೆವು. ಹೆಂಗಸರಿಗೆ, ಗಂಡಸರಿಗೆ ಬೇರೆ ಬೇರೆ ಕುಂಡಗಳಿವೆ, ಬೆಳಿಗ್ಗೆ ಬೇಗ ಹೋದರೆ ನೀರು ಚೊಕ್ಕಟ. ಬದುಕೇ ಬೇಡವೆಂದು ಮೈಗೆ ಹಗ್ಗ ಬಿಗಿದುಕೊಂಡು ನದಿಗೆ ಹಾರಿದ ವಶಿಷ್ಠ ಋಷಿಯ ಪಾಶವನ್ನು ನದಿಯೇ ಬಿಡಿಸಿ ದಡಕ್ಕೆ ಹಾಕಿತು ಎಂಬುದು ಪುರಾಣದ ಕಥೆ, ಅದಕ್ಕೇ ಅವಳು ವಿಪಾಶಾ, ಈಗಿನ ಬಿಯಾಸ್. ಮಕ್ಕಳು ಅಪ್ಪನ ಜೊತೆ ಅಲ್ಲಿಂದ ಜೋಗಿನಿ ಜಲಪಾತಕ್ಕೆ ನಡೆದು ಹೋದರು, ಹೋಗಲು ಒಂದು ಗಂಟೆಯ ದಾರಿ.

ಹೊರಡುವ ದಿನವನ್ನೂ ಪೂರ್ತಿ ಬಳಸಿಕೊಳ್ಳುವ ಉಪಾಯವೊಂದಿದೆ. ವೋಲ್ವೋವನ್ನು ಮನಾಲಿಯಿಂದ ಹತ್ತುವ ಬದಲು ಕುಲ್ಲುವಿನಲ್ಲಿ ಹತ್ತುವಂತೆ ಬುಕ್ ಮಾಡಿ. ಬೆಳಿಗ್ಗೆ ರೂಮ್ ಖಾಲಿ ಮಾಡಿ, ಲಗೇಜ್ ಸಮೇತ ಟ್ಯಾಕ್ಸಿಯಲ್ಲಿ ನದಿಯ ಎಡದಂಡೆಯ ದಾರಿ ಹಿಡಿದರೆ ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿ ನಗ್ಗರ್. ಬಲದಂಡೆಯ ಹೆದ್ದಾರಿಗಿಂತ ಈ ದಾರಿ ನಿಧಾನ, ಆದರೆ ಸೇಬಿನ ತೋಟಗಳ ನಡುವೆ ಸಾಗುತ್ತದೆ. ನಗ್ಗರ್ ಒಂದು ಕಾಲಕ್ಕೆ ಕುಲ್ಲುವಿನ ರಾಜಧಾನಿ. ಅಲ್ಲಿನ ಅರಮನೆಯ ಗೋಡೆಗಳನ್ನು ಗಾರೆಯಿಲ್ಲದೆ, ಒಂದು ವರಸೆ ಕಲ್ಲು ಒಂದು ವರಸೆ ಮರದ ತೊಲೆ ಇಟ್ಟು ಏರಿಸಿದ್ದಾರೆ. ಆ ಕಟ್ಟಡ 1905ರ ಕಾಂಗ್ಡಾ ಭೂಕಂಪವನ್ನು ತಡೆದುಕೊಂಡು ನಿಂತಿದೆ.

ಅದರ ಮೇಲ್ಗಡೆ ರಷ್ಯದ ಚಿತ್ರಕಾರ ನಿಕೊಲಾಯ್ ರೋರಿಕ್ ಅವರ ಮನೆ. 1928ರಿಂದ 1947ರಲ್ಲಿ ತೀರಿಕೊಳ್ಳುವವರೆಗೂ ಅವರು ಇಲ್ಲೇ ಇದ್ದು ಹಿಮಾಲಯವನ್ನು ಬಣ್ಣದಲ್ಲಿ ಬರೆದರು. ಅವರ ಮಗ ಸ್ವೆಟೊಸ್ಲಾವ್ ರೋರಿಕ್, ಸೊಸೆ ನಟಿ ದೇವಿಕಾ ರಾಣಿ. ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟ್ ಅವರಿಬ್ಬರದೇ ಆಗಿತ್ತು. ಆ ರಸ್ತೆಯಲ್ಲಿ ಎಷ್ಟೋ ಸಲ ಓಡಾಡಿದವಳು ನಾನು, ಆ ಬೇಲಿಯ ಹಿಂದಿನ ಮನೆತನದ ಮೂಲ ನಗ್ಗರ್‌ನ ಈ ಮರದ ಮನೆ ಎಂದು ಅಲ್ಲಿ ನಿಂತಾಗ ಮನಸ್ಸಿಗೆ ನಾಟಿತು. ಕಿಟಕಿಯಿಂದ ಇಣುಕಿದರೆ ಚಿತ್ರ ಬರೆಯುವ ಸಾಮಾನು, ಪುಸ್ತಕ, ಹಾಸಿದ ಕಂಬಳಿ ಎಲ್ಲ ಇದ್ದ ಹಾಗೇ ಇವೆ. ಇದಕ್ಕೆ ಒಂದೂವರೆ ಗಂಟೆಯಾದರೂ ಇರಲಿ.

ನಗ್ಗರ್‌ನಲ್ಲಿ ಸಿಡ್ಡು ತಿನ್ನದೆ ಬರಬೇಡಿ. ಗೋಧಿ ಹಿಟ್ಟನ್ನು ಹುಳಿಬರಿಸಿ, ಒಳಗೆ ಅಕ್ರೋಟು ಅಥವಾ ಗಸಗಸೆಯ ಹೂರಣ ತುಂಬಿ ಹಬೆಯಲ್ಲಿ ಬೇಯಿಸುತ್ತಾರೆ. ನಮಗೆ ಬಡಿಸಿದ ಹೆಂಗಸು ಅದನ್ನು ತಟ್ಟೆಯಲ್ಲಿ ಎರಡಾಗಿ ಮುರಿದಳು, ಹಬೆ ಎದ್ದಿತು, ಮುರಿದ ಬಾಯಿಗೆ ತುಪ್ಪ ಸುರಿದಳು. "ನಮ್ಮ ಕಡುಬೇ ಕಣಮ್ಮ ಇದು" ಎಂದು ಅತ್ತೆ ಎರಡು ತಿಂದರು. ಆರು ದಿನ ಚಟ್ನಿಪುಡಿ, ಅವಲಕ್ಕಿಯ ಮೇಲೆ ಇದ್ದವರು ಅವರು. ಅಲ್ಲಿಂದ ಕುಲ್ಲುವಿಗೆ ಇಳಿದು, ಢಾಲ್‌ಪುರದಲ್ಲಿ ಸಾಲಾಗಿ ಕೂತ ದೇವತೆಗಳ ಡೇರೆಗಳ ನಡುವೆ ಸಂಜೆಯವರೆಗೆ ಸುತ್ತಾಡಿ, ಹಡಿಂಬೆಗೆ ಇನ್ನೊಮ್ಮೆ ಕೈಮುಗಿದು ರಾತ್ರಿ ಬಸ್ ಹತ್ತಿದೆವು.

ಇನ್ನು ಬೇರೆ ಬೇರೆ ಕಾಲದಲ್ಲಿ ಹೋಗುವವರಿಗೆ. ಜುಲೈ, ಆಗಸ್ಟ್ ಬೇಡ. ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ ಪ್ಯಾರಾಗ್ಲೈಡಿಂಗ್, ರಾಫ್ಟಿಂಗ್ ಎರಡಕ್ಕೂ ಹಿಮಾಚಲದಲ್ಲಿ ನಿಷೇಧ ಇರುತ್ತದೆ, ಅದಕ್ಕಿಂತ ಮಿಗಿಲಾಗಿ ರಸ್ತೆ ನಂಬುವಂತಿಲ್ಲ. 2023ರ ಜುಲೈನಲ್ಲಿ ಬಿಯಾಸ್ ಉಕ್ಕಿ ಕುಲ್ಲು-ಮನಾಲಿ ಹೆದ್ದಾರಿ ಹಲವು ಕಡೆ ಕೊಚ್ಚಿಹೋಗಿ ಪ್ರವಾಸಿಗರು ಸಿಕ್ಕಿಹಾಕಿಕೊಂಡಿದ್ದರು. ಊರಿನಲ್ಲೇ ಹಿಮ ಬೀಳುವುದನ್ನು ನೋಡಬೇಕೆನ್ನುವವರು ಡಿಸೆಂಬರ್ ಕೊನೆಯಿಂದ ಫೆಬ್ರುವರಿ ಒಳಗೆ ಹೋಗಿ. ಆಗ ರೋಹ್ತಾಂಗ್ ಮುಚ್ಚಿರುತ್ತದೆ, ಆದ್ದರಿಂದ ನಾಲ್ಕು ರಾತ್ರಿಯೂ ನಡೆಯುತ್ತದೆ, ಆದರೆ ಹಿಮದಿಂದ ಬಸ್ ತಡವಾಗುವ ಲೆಕ್ಕದಲ್ಲಿ ವಾಪಸ್ ವಿಮಾನಕ್ಕೆ ಒಂದು ದಿನ ಅಂತರ ಬಿಡಿ. ರೂಮಿಗೆ ಹೀಟರ್ ಬಾಡಿಗೆ ಬೇರೆಯೋ ಸೇರಿದೆಯೋ ಕೇಳಿ. ಮೇ, ಜೂನ್‌ನಲ್ಲೇ ಹೋಗಬೇಕಾದ ಅಪ್ಪ ಅಮ್ಮಂದಿರು ಆರು ರಾತ್ರಿ ಇಟ್ಟುಕೊಳ್ಳಿ, ಟ್ರಾಫಿಕ್ಕಿಗೇ ಒಂದು ಹೋಗುತ್ತದೆ. ಎಲ್ಲಿಗೇ ಆದರೂ ಬೆಳಿಗ್ಗೆ ಏಳರೊಳಗೆ ಹೊರಟುಬಿಡಿ.

ರಾಫ್ಟಿಂಗ್‌ಗೆ ಬೇರೆ ದಿನ ಬೇಡ. ಅದು ನಡೆಯುವುದು ಕುಲ್ಲು ಹತ್ತಿರ ಪಿರ್ಡಿಯಿಂದ ಝಿರಿಯವರೆಗೆ, ಸುಮಾರು 14 ಕಿಲೋಮೀಟರ್, ಹೋಗುವಾಗಲೋ ಬರುವಾಗಲೋ ಮುಗಿಸಿಕೊಳ್ಳಬಹುದು.

ಚಾರಣದ ಲೆಕ್ಕ ಮಾತ್ರ ಪೂರ್ತಿ ಬೇರೆ. ನಮ್ಮ ಕಡೆಯ ಕಾಲೇಜು ಹುಡುಗರು, ಯೂತ್ ಹಾಸ್ಟೆಲ್‌ನವರ ಜೊತೆ ಹೋಗುವವರು ಬಹಳ ಮಂದಿ ಇದ್ದಾರೆ, ಅವರಿಗೆ ಹೇಳುವುದು ಇಷ್ಟು: ಬಿಯಾಸ್ ಕುಂಡಕ್ಕೆ ಮೂರು ದಿನ, ಭೃಗು ಸರೋವರಕ್ಕೆ ಮೂರರಿಂದ ನಾಲ್ಕು, 4,270 ಮೀಟರ್ ಎತ್ತರದ ಹಂಪ್ಟಾ ಪಾಸ್‌ಗೆ ನಾಲ್ಕೈದು. ಈ ದಿನಗಳನ್ನು ಐದು ರಾತ್ರಿಯ ಒಳಗೆ ತುರುಕಬೇಡಿ. ಮನಾಲಿಯಲ್ಲಿ ಎರಡು ರಾತ್ರಿ ಮೊದಲು, ಒಂದು ರಾತ್ರಿ ಆಮೇಲೆ, ನಡುವೆ ಚಾರಣ.

ಉಳಿಯುವ ಜಾಗದ ಬಗ್ಗೆ ಕೊನೆಯ ಒಂದು ಮಾತು. ಐದಾರು ರಾತ್ರಿಯೂ ಒಂದೇ ಕಡೆ ಇರಿ. ಹಳೇ ಮನಾಲಿ ಚಂದ, ಆದರೆ ಏರು ಓಣಿಗಳು, ಎಷ್ಟೋ ಹೋಮ್‌ಸ್ಟೇಗಳ ಬಾಗಿಲಿಗೆ ಗಾಡಿ ಹೋಗುವುದಿಲ್ಲ. ಮಂಡಿನೋವಿನ ಅತ್ತೆಯನ್ನು ಕರೆದುಕೊಂಡು ಹೋದ ನಾವು ಹಡಿಂಬಾ ರಸ್ತೆಯಲ್ಲಿ, ನೆಲಮಹಡಿಯ ರೂಮ್ ಕೇಳಿ ಪಡೆದೆವು. ಬುಕ್ ಮಾಡುವ ಮುಂಚೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ಗಾಡಿ ಬಾಗಿಲವರೆಗೆ ಬರುತ್ತದೆಯೇ, ಮೆಟ್ಟಿಲು ಎಷ್ಟು, ಬೆಳಿಗ್ಗೆ ಆರಕ್ಕೆ ಬಿಸಿನೀರು ಬರುತ್ತದೆಯೇ. ಆಮೇಲೆ ಕ್ಯಾಲೆಂಡರ್ ತೆಗೆದು, ನೀವು ಮನಾಲಿಯಲ್ಲಿರುವ ದಿನಗಳಲ್ಲಿ ಮಂಗಳವಾರ ಎಂದು ಬರುತ್ತದೆ ನೋಡಿ, ಅಂದು ನಗ್ಗರ್ ಎಂದು ಬರೆದಿಟ್ಟುಕೊಳ್ಳಿ.